ಡಿಸ್ಕಿನೊಳಗಿನ ನಾಟಕ: ಬಿಡಿಸುವುದು ಬೇರೆ, ಹಿಂಡುವುದು ಬೇರೆ

ಕೊಂಡಜ್ಜಿ ಎಂದರೆ ದಾವಣಗೆರೆ, ಹರಿಹರದ ಕಡೆಯವರಿಗೆ ಮೊದಲು ಕಣ್ಣ ಮುಂದೆ ಬರುವುದು ಅಲ್ಲಿನ ಕೆರೆ, ಗುಡ್ಡ, ಕೊಂಡಜ್ಜಿ ಬಸಪ್ಪನವರ ಹೆಸರಿನೊಂದಿಗೆ ಬೆಸೆದುಕೊಂಡಿರುವ ಸ್ಕೌಟ್ಸ್ ಮತ್ತು ಗೈಡ್ಸ್ ಶಿಬಿರ. ಈಚಿನ ವರ್ಷಗಳಲ್ಲಿ ಆ ಊರಿನ ಹೆಸರಿಗೆ ಇನ್ನೊಂದು ನಂಟು ಕೂಡಿಕೊಂಡಿದೆ, ವೃತ್ತಿ ರಂಗಭೂಮಿ ರಂಗಾಯಣದ್ದು. 1989ರಲ್ಲಿ ಬಿ. ವಿ. ಕಾರಂತರು ಮೈಸೂರಿನಲ್ಲಿ ಕಟ್ಟಿದ ರಂಗಾಯಣ ಹವ್ಯಾಸಿ ಮತ್ತು ಆಧುನಿಕ ನಾಟಕದವರಿಗೆ ಮನೆಯಾಯಿತು. ಕಂಪನಿ ನಾಟಕದವರಿಗೆಂದೇ ಒಂದು ಮನೆ ಬೇಕೆಂಬುದು ಬಹುಕಾಲದ ಆಸೆ, ಅದು ದಾವಣಗೆರೆ ಸೀಮೆಗೆ ಬಂದದ್ದು ನ್ಯಾಯವೇ. ಚಿಂದೋಡಿ ವೀರಪ್ಪನವರ, ಅವರ ಮಗಳು ಚಿಂದೋಡಿ ಲೀಲಾ ಅವರ ಕೆಬಿಆರ್ ಡ್ರಾಮಾ ಕಂಪನಿಯ ನೆಲ ಇದು. ದುಗ್ಗಮ್ಮನ ಜಾತ್ರೆ ಬಂತೆಂದರೆ ಕಂಪನಿಗಳು ಇಲ್ಲಿ ಕ್ಯಾಂಪು ಹಾಕುತ್ತವೆ. ಕಂಪನಿ ನಾಟಕಕ್ಕೆ ಮನೆ ಸಿಕ್ಕಿತು ಎಂದ ಮೇಲೆ ಆ ಮನೆಯ ಕಪಾಟಿನಲ್ಲಿ ಏನಿರಬೇಕು ಎಂಬ ಮಾತೂ ಬರಬೇಕಲ್ಲ? ಹಸ್ತಪ್ರತಿ, ಫೋಟೊ, ಪರದೆ, ಕಾಲಪೆಟ್ಟಿಗೆ, ಇವೆಲ್ಲ ಸರಿ. ಆದರೆ ಆಡಿದ ನಾಟಕ ಎಲ್ಲಿದೆ? ನಟ ತಿರುಗಿದ ರೀತಿ, ಮಾತಿನ ಏರಿಳಿತ, ಚಪ್ಪಾಳೆಗೆ ಕಾದು ನಿಂತ ಆ ಅರೆಗಳಿಗೆ ಎಲ್ಲಿದೆ? ಅದು ಇರುವುದು ಬಹುಮಟ್ಟಿಗೆ ಕಲಾವಿದರ ಮನೆಯ ಟ್ರಂಕಿನಲ್ಲಿ, ಮದುವೆ ವಿಡಿಯೊ ತೆಗೆಯುವ ಸ್ಟುಡಿಯೊಗಳ ಕಪಾಟಿನಲ್ಲಿ, ಪ್ಲಾಸ್ಟಿಕ್ ಕವರಿನೊಳಗಿನ ಡಿವಿಡಿಗಳಲ್ಲಿ. ಆ ಡಿವಿಡಿಗಳನ್ನು ಹೇಗೆ ತೆಗೆದಿಡಬೇಕು ಎಂಬುದೇ ಈ ಹೊತ್ತಿನ ಮಾತು.

ನನ್ನ ವಾದ ಒಂದೇ. ಡಿಸ್ಕಿನಲ್ಲಿರುವ ನಾಟಕವನ್ನೋ ಧಾರಾವಾಹಿಯನ್ನೋ ಕಂತು ಕಂತಾಗಿ ಬಿಡಿಸುವುದರಿಂದ ಚಿತ್ರದ ಗುಣಮಟ್ಟ ಎಳ್ಳಷ್ಟೂ ಕೆಡುವುದಿಲ್ಲ, ಕೆಡುವುದು ಹಿಂಡುವುದರಿಂದ. ಈ ಎರಡೂ ಬೇರೆ ಬೇರೆ ಕೆಲಸ. ನಮ್ಮಲ್ಲಿ ಇವೆರಡನ್ನೂ ಸೇರಿಸಿ 'ಕನ್ವರ್ಟ್ ಮಾಡಿಸೋದು' ಎಂದು ಒಂದೇ ಹೆಸರಿಟ್ಟು ಕರೆಯುವುದರಿಂದ, ಬಿಡಿಸಿ ಕೊಡಿ ಎಂದು ಕೇಳಿದವರಿಗೆ ಹಿಂಡಿದ್ದು ಕೈಗೆ ಸಿಗುತ್ತಿದೆ. ಹಿಂಡಿದ್ದನ್ನು ಮತ್ತೆ ತುಂಬಲು ಯಾವ ಯಂತ್ರಕ್ಕೂ ಸಾಧ್ಯವಿಲ್ಲ.

ಇದನ್ನು ತಿಳಿಯಲು ಡಿವಿಡಿಯೊಳಗೆ ಚಿತ್ರ ಹೇಗೆ ಕೂತಿದೆ ಎಂದು ಸ್ವಲ್ಪ ನೋಡಬೇಕು. ಡಿವಿಡಿಯ ಚಿತ್ರ ಎಂಪೆಗ್-2 ಎಂಬ ಪದ್ಧತಿಯದು. ನಮ್ಮ ದೇಶದ ಪಾಲ್ ಲೆಕ್ಕದಲ್ಲಿ ಒಂದು ಸೆಕೆಂಡಿಗೆ 25 ಚಿತ್ರ, ಒಂದೊಂದು ಚಿತ್ರ 720 ಅಡ್ಡ, 576 ಉದ್ದದ ಚುಕ್ಕೆಗಳ ಚೌಕ. ಇಷ್ಟನ್ನೂ ಇದ್ದ ಹಾಗೇ ಬರೆಯಹೋದರೆ ಡಿಸ್ಕು ಕೆಲವೇ ನಿಮಿಷದಲ್ಲಿ ತುಂಬಿಹೋಗುತ್ತದೆ. ಅದಕ್ಕೆ ಒಂದು ಉಪಾಯ ಮಾಡಿದ್ದಾರೆ. ಅರಮನೆಯ ಪರದೆ ಇಳಿಬಿಟ್ಟ ರಂಗದ ಮೇಲೆ ರಾಜನೊಬ್ಬ ನಿಂತು ಕೈಯೆತ್ತಿ ಮಾತಾಡುತ್ತಿದ್ದಾನೆ ಎನ್ನಿ. ಪರದೆ ಕದಲುವುದಿಲ್ಲ, ಕಂಬ ಕದಲುವುದಿಲ್ಲ, ಕದಲುವುದು ಕೈ ಮತ್ತು ತುಟಿ. ಹಾಗಾಗಿ ಮೊದಲು ಒಂದು ಪೂರ್ತಿ ಚಿತ್ರವನ್ನು ಬರೆದು, ಆಮೇಲಿನವುಗಳಲ್ಲಿ ಬದಲಾದದ್ದನ್ನು ಮಾತ್ರ ಬರೆಯುತ್ತಾರೆ. ಹನ್ನೆರಡು ಹದಿನೈದು ಚಿತ್ರ ಕಳೆದ ಮೇಲೆ ಮತ್ತೆ ಒಂದು ಪೂರ್ತಿ ಚಿತ್ರ. ಅಂದರೆ ಹೆಚ್ಚುಕಡಿಮೆ ಅರ್ಧ ಸೆಕೆಂಡಿಗೊಂದು ಗಂಟು ಬಿದ್ದಿರುತ್ತದೆ, ಆ ಗಂಟಿನಿಂದ ಹೊಸದಾಗಿ ಎಣಿಕೆ ಶುರು. ದಾವಣಗೆರೆ ಹತ್ತಿ ಗಿರಣಿಗಳ ಊರು, ಬಟ್ಟೆ ಅಂಗಡಿಯವರ ಕೈಚಳಕ ಇಲ್ಲಿನವರಿಗೆ ಹೇಳಿಕೊಡಬೇಕಿಲ್ಲ. ಥಾನಿನ ಅಂಚಿಗೆ ಕತ್ತರಿಯಿಂದ ಒಂದು ಕಚ್ಚು ಹಾಕಿ ಜಗ್ಗಿದರೆ ಬಟ್ಟೆ ನೂಲಿನ ಗುಂಟ ನೇರವಾಗಿ ಹರಿಯುತ್ತದೆ, ಒಂದೆಳೆಯೂ ಹಾಳಾಗುವುದಿಲ್ಲ. ವಿಡಿಯೊ ಕೂಡ ಹೀಗೆಯೇ. ಪೂರ್ತಿ ಚಿತ್ರ ಇರುವ ಗಂಟಿನಲ್ಲಿ ಕಡಿದರೆ ಆಚೆ ಈಚೆ ಇರುವ ಒಂದು ಬಿಟ್ಟೂ ಬದಲಾಗುವುದಿಲ್ಲ. ನಡುವೆ ಎಲ್ಲೋ ಕಡಿಯಬೇಕು ಎಂದು ಹಟ ಹಿಡಿದಾಗ ಮಾತ್ರ ಆ ತುಂಡನ್ನು ಬಿಚ್ಚಿ ಮತ್ತೆ ನೇಯಬೇಕಾಗುತ್ತದೆ.

ಹಿಂಡುವುದೆಂದರೆ ಇಡೀ ಥಾನನ್ನೇ ಬಿಚ್ಚಿ ಕಡಿಮೆ ನೂಲಿನಲ್ಲಿ ಮತ್ತೆ ನೇಯುವುದು. ಎಂಪೆಗ್ ಪದ್ಧತಿ ಚಿತ್ರವನ್ನು ಎಂಟು ಚುಕ್ಕೆ ಅಡ್ಡ, ಎಂಟು ಚುಕ್ಕೆ ಉದ್ದದ ಚಿಕ್ಕ ಮನೆಗಳಾಗಿ ಮಾಡಿಕೊಂಡು, ಒಂದೊಂದು ಮನೆಯಲ್ಲೂ ಕಣ್ಣಿಗೆ ಬೇಗ ಕಾಣದ ಸೂಕ್ಷ್ಮಗಳನ್ನು ಪೂರ್ಣಾಂಕ ಮಾಡಿಬಿಡುತ್ತದೆ. ಈ ಪೂರ್ಣಾಂಕದಲ್ಲಿ ಬಿಟ್ಟುಹೋದದ್ದು ಹೋದಂತೆಯೇ. ಡಿವಿಡಿ ತಯಾರಾಗುವಾಗ ಇದು ಒಮ್ಮೆ ಆಗಿಹೋಗಿದೆ. ಇನ್ನೊಮ್ಮೆ ಹಿಂಡುವ ತಂತ್ರಾಂಶಕ್ಕೆ ಯಾವುದು ಚಿತ್ರ, ಯಾವುದು ಮೊದಲ ಸುತ್ತಿನ ತಪ್ಪು ಎಂಬುದು ತಿಳಿಯದು. ಅದು ತಪ್ಪನ್ನೂ ಚಿತ್ರವೆಂದೇ ನಂಬಿ ಅದಕ್ಕೂ ಜಾಗ ಕೊಡುತ್ತದೆ, ಆ ಜಾಗಕ್ಕಾಗಿ ನಿಜವಾದ ಚಿತ್ರದಿಂದ ಕಿತ್ತುಕೊಳ್ಳುತ್ತದೆ. ಕಂಪನಿ ನಾಟಕಕ್ಕೆ ಇದರ ಪೆಟ್ಟು ಬೇರೆಯವಕ್ಕಿಂತ ಹೆಚ್ಚು. ಕಾಡಿನ ಸೀನರಿಯ ಪರದೆಯನ್ನು ನೆನೆದುಕೊಳ್ಳಿ: ಎಲೆ ಎಲೆಯನ್ನೂ ಕುಂಚದಲ್ಲಿ ತಿದ್ದಿರುತ್ತಾರೆ, ಮೇಲೆ ಮಂದ ನೀಲಿ ಬೆಳಕು, ಮುಂದೆ ಜರಿ ಮೈಯೆಲ್ಲ ಮಿನುಗುವ ಉಡುಪು. ಮಂದ ಬೆಳಕು, ಸಣ್ಣ ಗೆರೆ, ಮಿನುಗು, ಈ ಮೂರೂ ಹಿಂಡುವ ಯಂತ್ರಕ್ಕೆ ಕಡುಕಷ್ಟದ ಸಂಗತಿಗಳು. ಬಿಟ್ಟು ಸಾಲದೆ ಹೋದಾಗ ಕಾಡು ಹಸಿರು ಕೆಸರಾಗುತ್ತದೆ, ಕತ್ತಲು ಚೌಕ ಚೌಕವಾಗಿ ಒಡೆಯುತ್ತದೆ, ಜರಿ ಇರುವೆ ಮುತ್ತಿದಂತೆ ಕಾಣುತ್ತದೆ. ಆ ಪರದೆ ಬರೆದ ಕಲಾವಿದನ ಕೈ ಉಳಿದಿರುವುದು ಆ ಚಿತ್ರದಲ್ಲಿ ಮಾತ್ರ ಎಂದಾದರೆ, ಹೋದದ್ದು ಒಂದು ಹಿನ್ನೆಲೆಯಲ್ಲ, ಒಬ್ಬ ಕಲಾವಿದನ ಬದುಕಿನ ಕೆಲಸ.

ಕಂತುಗಳ ಡಿಸ್ಕು ಇನ್ನೊಂದು ಬಗೆಯಲ್ಲಿ ಜನರನ್ನು ದಾರಿ ತಪ್ಪಿಸುತ್ತದೆ. ಡಿಸ್ಕನ್ನು ಕಂಪ್ಯೂಟರಿಗೆ ಹಾಕಿ ತೆರೆದರೆ 'ವಿಡಿಯೊ ಟಿಎಸ್' ಎಂಬ ಫೋಲ್ಡರು, ಅದರೊಳಗೆ ವಿಒಬಿ ಎಂಬ ದೊಡ್ಡ ಕಡತಗಳು. ಒಂದು ಕಡತ ಒಂದು ಕಂತು ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಹಾಗಿಲ್ಲ. ಡಿವಿಡಿಯ ನಿಯಮದಂತೆ ವಿಒಬಿ ಕಡತ ಒಂದು ಜಿಬಿ ದಾಟುವಂತಿಲ್ಲ, ದಾಟುವ ಜಾಗ ಬಂದ ಕೂಡಲೆ ಮಾತಿನ ನಡುವೆಯೇ ಕಡತ ಮುಗಿದು ಮುಂದಿನದು ಶುರುವಾಗುತ್ತದೆ. ಸೆಕೆಂಡಿಗೆ 5 ಮೆಗಾಬಿಟ್ ಲೆಕ್ಕದಲ್ಲಿ ಬರೆದ ಡಿಸ್ಕಾದರೆ ಒಂದು ಕಡತದಲ್ಲಿ ಸುಮಾರು ಇಪ್ಪತ್ತೆಂಟೂವರೆ ನಿಮಿಷ ಹಿಡಿಸುತ್ತದೆ. ಕಂತು ಇಪ್ಪತ್ತೆರಡು ನಿಮಿಷದ್ದು ಎನ್ನಿ. ಮೊದಲ ಕಡತದಲ್ಲಿ ಒಂದು ಪೂರ್ತಿ ಕಂತು, ಮೇಲೆ ಎರಡನೆಯದರ ಆರೂವರೆ ನಿಮಿಷ ಸೇರಿ ಕೂತಿರುತ್ತವೆ. ಕಡತವನ್ನೇ ಕಂತೆಂದು ತಿಳಿದು ಹೆಸರಿಟ್ಟು ಇಟ್ಟವರ ಸಂಗ್ರಹದಲ್ಲಿ ಕಥೆಗಳು ಹೀಗೆ ಒಂದರ ಬಾಲ ಇನ್ನೊಂದರ ತಲೆಗೆ ಅಂಟಿಕೊಂಡಿರುತ್ತವೆ. ಕಂತುಗಳ ನಿಜವಾದ ಗಡಿ ಇರುವುದು ಐಎಫ್‌ಒ ಎಂಬ ಪುಟ್ಟ ಕಡತಗಳಲ್ಲಿ. ಯಾವ ಕಥೆ ಎಲ್ಲಿ ಶುರು, ಯಾವ ಅಧ್ಯಾಯ ಎಲ್ಲಿ ಮುಗಿತಾಯ ಎಂಬ ಪರಿವಿಡಿ ಅದು. ಈ ಪರಿವಿಡಿ ಎಷ್ಟು ಮುಖ್ಯವೆಂದರೆ, ಡಿಸ್ಕಿನ ಮೇಲೆಯೇ ಅದರ ಇನ್ನೊಂದು ಪ್ರತಿ ಬಿಯುಪಿ ಎಂಬ ಹೆಸರಿನಲ್ಲಿ ಇರಬೇಕೆಂದು ಡಿವಿಡಿ ರೂಪಿಸಿದವರೇ ಕಟ್ಟುಮಾಡಿದ್ದಾರೆ. ದೊಡ್ಡ ಕಡತಗಳನ್ನಷ್ಟೇ ನಕಲು ಮಾಡಿಕೊಂಡು 'ಈ ಸಣ್ಣವು ಯಾಕೆ' ಎಂದು ಐಎಫ್‌ಒಗಳನ್ನು ಅಳಿಸುವವರು ಪುಸ್ತಕದ ಪುಟ ಉಳಿಸಿಕೊಂಡು ಹೊಲಿಗೆ ಬಿಚ್ಚಿದ ಹಾಗೆ.

ಆದ್ದರಿಂದ ಮೊದಲ ಕೆಲಸ ಬಿಡಿಸುವುದೇ ಅಲ್ಲ. ಇಡೀ ಡಿಸ್ಕನ್ನು ಮೊದಲ ಸೆಕ್ಟರಿನಿಂದ ಕೊನೆಯ ಸೆಕ್ಟರಿನವರೆಗೆ ಇದ್ದದ್ದು ಇದ್ದಂತೆ ಒಂದೇ ಐಎಸ್‌ಒ ಕಡತವಾಗಿ ತೆಗೆದಿಡಬೇಕು. ಮೆನು, ಪರಿವಿಡಿ, ಉಪಶೀರ್ಷಿಕೆ, ಎರಡನೆಯ ಧ್ವನಿ, ಎಲ್ಲವೂ ಅದರಲ್ಲಿ ಬರುತ್ತವೆ. ಡಿಸ್ಕಿಗೆ ಗೀಚು ಬಿದ್ದಿದ್ದರೆ ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವಿದೆ. ಅದು ಓದಲು ಬರುವ ಭಾಗಗಳನ್ನೆಲ್ಲ ಮೊದಲು ಎತ್ತಿಕೊಂಡು, ಹಟ ಮಾಡುವ ಸೆಕ್ಟರುಗಳ ಪಟ್ಟಿ ಇಟ್ಟುಕೊಂಡು, ಮತ್ತೆ ಮತ್ತೆ ಪ್ರಯತ್ನಿಸುತ್ತದೆ. ಒಂದು ಡ್ರೈವ್ ಓದದ ಜಾಗವನ್ನು ಇನ್ನೊಂದು ಡ್ರೈವ್ ಓದುವುದುಂಟು, ಹಾಗಾಗಿ ಅದೇ ಪಟ್ಟಿ ಹಿಡಿದು ಬೇರೆ ಡ್ರೈವಿನಲ್ಲಿ ಮುಂದುವರಿಸಬಹುದು. ಟಿವಿ ಪಕ್ಕದ ರೆಕಾರ್ಡರಿನಲ್ಲಿ ಬರೆದು ಫೈನಲೈಸ್ ಮಾಡದೆ ಬಿಟ್ಟ ಡಿಸ್ಕು ಬೇರೆ ಯಂತ್ರದಲ್ಲಿ ಖಾಲಿ ಎಂದು ತೋರಿಸುತ್ತದೆ. ಅದು ಖಾಲಿಯಲ್ಲ, ಪರಿವಿಡಿ ಬರೆದಿಲ್ಲ ಅಷ್ಟೆ. ಎಸೆಯುವ ಮೊದಲು ಅದನ್ನು ಬರೆದ ಯಂತ್ರವನ್ನೇ ಹುಡುಕಿ ಹಾಕಿ ನೋಡಬೇಕು.

ಐಎಸ್‌ಒ ಭದ್ರವಾದ ಮೇಲೆ ಬಿಡಿಸುವ ಕೆಲಸ. ಮೇಕ್‌ಎಂಕೆವಿಯಂಥ ತಂತ್ರಾಂಶ ಡಿಸ್ಕಿನ ಪರಿವಿಡಿ ಓದಿ ಶೀರ್ಷಿಕೆಗಳ ಪಟ್ಟಿ ಕೊಡುತ್ತದೆ. ಆರು ಕಂತಿನ ಡಿಸ್ಕಿನಲ್ಲಿ ಏಳು ಶೀರ್ಷಿಕೆ ಕಂಡರೆ ಗಾಬರಿ ಬೇಡ. ಆರು ಇಪ್ಪತ್ತೆರಡು ನಿಮಿಷದವು, ಏಳನೆಯದು ಎರಡು ಗಂಟೆ ಹನ್ನೆರಡು ನಿಮಿಷದ್ದು, ಅದು ಎಲ್ಲವನ್ನೂ ಒಂದರ ಹಿಂದೊಂದು ತೋರಿಸುವ 'ಪ್ಲೇ ಆಲ್'. ಅದೇ ಚಿತ್ರಗಳನ್ನು ಎರಡು ಪರಿವಿಡಿಗಳು ತೋರಿಸುತ್ತಿವೆ, ಏಳನೆಯದನ್ನು ಬಿಡಬಹುದು. ಕೆಲವು ಡಿಸ್ಕುಗಳಲ್ಲಿ ಬಿಡಿ ಶೀರ್ಷಿಕೆಗಳೇ ಇರುವುದಿಲ್ಲ, ಒಂದೇ ಉದ್ದನೆಯ ಶೀರ್ಷಿಕೆ, ಅದರಲ್ಲಿ ಇಪ್ಪತ್ತನಾಲ್ಕು ಅಧ್ಯಾಯ. ಆಗ ಕಂತಿಗೆ ನಾಲ್ಕು ಅಧ್ಯಾಯವೇ ಎಂದು ಕಣ್ಣಾರೆ ನೋಡಿಕೊಂಡು, ಎಂಕೆವಿಟೂಲ್‌ನಿಕ್ಸ್‌ನಲ್ಲಿ ಐದು, ಒಂಬತ್ತು, ಹದಿಮೂರು, ಹದಿನೇಳು, ಇಪ್ಪತ್ತೊಂದನೆಯ ಅಧ್ಯಾಯಗಳ ಮುಂದೆ ಕಡಿ ಎಂದು ಹೇಳಿದರಾಯಿತು. ಕಂಪನಿ ನಾಟಕದ ಡಿಸ್ಕಿಗೂ ಇದೇ ದಾರಿ, ಅಲ್ಲಿ ಅಂಕ, ಪ್ರವೇಶಗಳೇ ಗಡಿ. ಎಫ್‌ಎಫ್‌ಎಂಪೆಗ್ ಬಳಸುವವರು ಕೋಡೆಕ್ ಎಂದು ಕೇಳುವ ಜಾಗದಲ್ಲಿ 'ಕಾಪಿ' ಎಂದು ಬರೆದರೆ ಅದು ಚಿತ್ರವನ್ನು ಬಿಚ್ಚದೆ ಡಬ್ಬಿ ಮಾತ್ರ ಬದಲಿಸುತ್ತದೆ. ಕೆಲಸ ಸರಿಯಾಯಿತೇ ಎಂದು ತಿಳಿಯಲು ತಂತ್ರಜ್ಞನೇ ಬೇಕಿಲ್ಲ. ಸೆಕೆಂಡಿಗೆ 5 ಮೆಗಾಬಿಟ್‌ನ ಇಪ್ಪತ್ತೆರಡು ನಿಮಿಷ ಎಂದರೆ ಸುಮಾರು 825 ಎಂಬಿ ಆಗಬೇಕು. ಅಂಗಡಿಯವರು ಕೊಟ್ಟ ಕಂತು 200 ಎಂಬಿ ಇದ್ದರೆ ಹಿಂಡಿದ್ದಾರೆ ಎಂದೇ ಅರ್ಥ, ಬೇರೆ ಸಾಕ್ಷಿ ಬೇಡ.

ಇದಕ್ಕೆ ಎದುರು ಮಾತುಗಳಿವೆ, ಹಗುರವಾದವಲ್ಲ. ಹಿಂಡಿದರೂ ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲವಲ್ಲ ಎಂಬುದು ಮೊದಲನೆಯದು. ಒಮ್ಮೆ, ಮಿತವಾಗಿ ಹಿಂಡಿದರೆ ಹಳೆಯ ಟಿವಿಯಲ್ಲಿ ತಿಳಿಯದೆ ಇರಬಹುದು, ಒಪ್ಪೋಣ. ಆದರೆ ಡಿವಿಡಿಯ ಒಂದು ಚಿತ್ರದಲ್ಲಿ ಇರುವುದು ನಾಲ್ಕು ಲಕ್ಷ ಚಿಲ್ಲರೆ ಚುಕ್ಕೆ, ಇಂದಿನ ಫುಲ್ ಎಚ್‌ಡಿ ಟಿವಿಯಲ್ಲಿ ಇಪ್ಪತ್ತು ಲಕ್ಷಕ್ಕೂ ಹೆಚ್ಚು. ಟಿವಿ ಚಿತ್ರವನ್ನು ಐದು ಪಟ್ಟು ಹಿಗ್ಗಿಸುವಾಗ ತಪ್ಪುಗಳೂ ಹಿಗ್ಗುತ್ತವೆ. ಹಿಂಡಿದ ಪ್ರತಿ ಅಲ್ಲಿಗೇ ನಿಲ್ಲುವುದೂ ಇಲ್ಲ. ಅದನ್ನು ಯೂಟ್ಯೂಬಿಗೆ ಏರಿಸಿದರೆ ಅಲ್ಲಿ ಮತ್ತೊಮ್ಮೆ, ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ಇನ್ನೊಮ್ಮೆ ಹಿಂಡಿಸಿಕೊಳ್ಳುತ್ತದೆ. ಎಲ್ಲರ ಮೂಲವೂ ಹಿಂಡಿದ ಪ್ರತಿಯೇ ಆದಾಗ ಹಿಂದಕ್ಕೆ ಹೋಗಲು ದಾರಿಯೇ ಇರುವುದಿಲ್ಲ. ಇನ್ನು ಕೆಲವರು, ಎಚ್.264, ಎಚ್.265 ಎಂಬ ಹೊಸ ಪದ್ಧತಿಗಳು ಅರ್ಧ ಜಾಗದಲ್ಲಿ ಅಷ್ಟೇ ಒಳ್ಳೆಯ ಚಿತ್ರ ಕೊಡುತ್ತವೆ ಎನ್ನುತ್ತಾರೆ. ಫೋನಿನಲ್ಲಿ ನೋಡಲು, ನೆಂಟರಿಗೆ ಕಳಿಸಲು ಹಾಗೆ ಮಾಡಿಕೊಳ್ಳಿ, ಅಡ್ಡಿಯಿಲ್ಲ. ಅದು ಓದುವ ಪ್ರತಿ. ಇಡುವ ಪ್ರತಿ ಬೇರೆಯೇ ಇರಬೇಕು. ಡಿಸ್ಕಿನ ಚಿತ್ರದಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲು ಹೆಣೆದುಕೊಂಡು ಬರುವುದರಿಂದ ವೇಗದ ಚಲನೆಯಲ್ಲಿ ಬಾಚಣಿಗೆಯಂಥ ಗೆರೆ ಕಾಣುತ್ತದೆ, ಅದನ್ನೂ 'ಸರಿಪಡಿಸಿ' ಇಡುವವರಿದ್ದಾರೆ. ಆ ಹೆಣಿಗೆಯಲ್ಲಿ ಸೆಕೆಂಡಿಗೆ ಐವತ್ತು ಗಳಿಗೆಗಳಿವೆ. ಸರಿಪಡಿಸುವ ನೆಪದಲ್ಲಿ ಇಪ್ಪತ್ತೈದಕ್ಕೆ ಇಳಿಸಿದರೆ ಕತ್ತಿವರಸೆಯ ಅರ್ಧ ಬೀಸು ಹೋಯಿತು. ನೋಡುವಾಗ ಟಿವಿಯೇ ಸರಿಮಾಡಿಕೊಳ್ಳಲಿ, ಇಡುವ ಪ್ರತಿಯಲ್ಲಿ ಕೈ ಹಾಕಬೇಡಿ. ನಾಳೆ ಇನ್ನೂ ಜಾಣ ತಂತ್ರಾಂಶ ಬಂದರೆ ಅದಕ್ಕೆ ಕೆಲಸ ಮಾಡಲು ಹಾಳಾಗದ ಮೂಲ ಬೇಕಲ್ಲ!

ಜಾಗ ಎಲ್ಲಿದೆ, ದುಡ್ಡು ಎಲ್ಲಿದೆ ಎಂಬ ಪ್ರಶ್ನೆ ಒಂದು ಕಾಲಕ್ಕೆ ನಿಜವಾದ ಪ್ರಶ್ನೆಯಾಗಿತ್ತು. 8.5 ಜಿಬಿಯ ಎರಡು ಪದರದ ಡಿಸ್ಕನ್ನು 4.7 ಜಿಬಿಯ ಖಾಲಿ ಡಿಸ್ಕಿಗೆ ತುರುಕಲೇಬೇಕಿತ್ತು. ಡಿವಿಡಿ ಶ್ರಿಂಕ್‌ನಂಥ ತಂತ್ರಾಂಶಗಳು ಹುಟ್ಟಿದ್ದೇ ಆ ಕಷ್ಟಕ್ಕೆ. ನೂರು ಪಾಲಿನಲ್ಲಿ ಐವತ್ತೈದು ಉಳಿಯುತ್ತಿತ್ತು, ಉಳಿದದ್ದನ್ನು ಬಿಟ್ಟುಕೊಡಬೇಕಿತ್ತು. ಈಗ ಆ ಕಷ್ಟ ಹೋಗಿದೆ, ಅಭ್ಯಾಸ ಮಾತ್ರ ಉಳಿದಿದೆ. ಒಂದು ಟೆರಾಬೈಟಿನ ಹಾರ್ಡ್ ಡಿಸ್ಕಿನಲ್ಲಿ 4.7 ಜಿಬಿಯ ಡಿಸ್ಕುಗಳು ತುಂಬಿ ತುಳುಕಿದ್ದರೂ ಇನ್ನೂರಕ್ಕೂ ಹೆಚ್ಚು ಹಿಡಿಸುತ್ತವೆ. ಒಂದು ಕಂಪನಿಯ, ಒಂದು ಮನೆತನದ ಜೀವಮಾನದ ದಾಖಲೆ ಅಂಗೈಯಗಲದ ಪೆಟ್ಟಿಗೆಯಲ್ಲಿ ಬಂತು. ಎರಡು ಪೆಟ್ಟಿಗೆ ತೆಗೆದುಕೊಂಡು ಒಂದನ್ನು ಬೇರೆ ಊರಿನಲ್ಲಿ ಇಡಬೇಕು, ಆ ಖರ್ಚನ್ನು ಮಾತ್ರ ತಪ್ಪಿಸಲಾಗದು. ಕಾಯಬಹುದೆಂದೂ ಅಲ್ಲ. ಅಚ್ಚೊತ್ತಿದ ಡಿಸ್ಕಿಗೆ ಹೋಲಿಸಿದರೆ ಮನೆಯಲ್ಲಿ ಬರೆದ ಡಿವಿಡಿಗಳ ಬಾಳಿಕೆ ಕಡಿಮೆ. ಅವುಗಳಲ್ಲಿ ಅಕ್ಷರವಿರುವುದು ಸಾವಯವ ಬಣ್ಣದ ತೆಳುಪದರದಲ್ಲಿ, ಬಿಸಿಲು, ಸೆಕೆ, ತೇವಕ್ಕೆ ಅದು ಮಾಸುತ್ತದೆ. ತಗಡಿನ ಟ್ರಂಕಿನಲ್ಲಿ ನಮ್ಮ ಕಡೆಯ ಏಪ್ರಿಲ್ ತಿಂಗಳು ಹೇಗಿರುತ್ತದೆ ಎಂದು ನೀವೇ ಯೋಚಿಸಿ. ಹೊಸ ಲ್ಯಾಪ್‌ಟಾಪುಗಳಲ್ಲಿ ಡಿಸ್ಕು ಹಾಕುವ ಬಾಯಿಯೂ ಇಲ್ಲವಾಗಿದೆ.

ಕಾನೂನಿನ ಮಾತು ಬಿಡುವಂತಿಲ್ಲ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೆಯ ವಿಧಿ ಖಾಸಗಿ ಬಳಕೆಗೆ, ಸಂಶೋಧನೆಗೆ ನ್ಯಾಯವಾದ ಬಳಕೆಯನ್ನು ಒಪ್ಪುತ್ತದೆ. 2012ರ ತಿದ್ದುಪಡಿಯಲ್ಲಿ ಬಂದ 65ಎ ವಿಧಿ ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಒಡೆಯುವುದನ್ನು ಅಪರಾಧ ಮಾಡಿತು, ಕಾಯ್ದೆ ನಿಷೇಧಿಸದ ಉದ್ದೇಶಕ್ಕೆ ಮಾಡುವುದನ್ನು ಹೊರಗಿಟ್ಟಿತು. ಅಂಗಡಿಯಲ್ಲಿ ಕೊಂಡ ಧಾರಾವಾಹಿಯ ಡಿಸ್ಕನ್ನು ನಕಲು ಮಾಡಿ ಮಾರುವುದು, ಹಂಚುವುದು ಕಳ್ಳತನವೇ, ಅದಕ್ಕೆ ನನ್ನ ವಾದವನ್ನು ಯಾರೂ ಊರುಗೋಲು ಮಾಡಿಕೊಳ್ಳಬಾರದು. ಸ್ಟುಡಿಯೊದವರು ಬರೆದುಕೊಟ್ಟ ನಾಟಕದ ಡಿಸ್ಕುಗಳಿಗೆ ಸಾಮಾನ್ಯವಾಗಿ ಬೀಗವೇ ಇರುವುದಿಲ್ಲ. ಆದರೆ ಬೀಗವಿಲ್ಲವೆಂದು ಹಕ್ಕೂ ಇಲ್ಲ ಎನ್ನಬಾರದು. ನಟನಿಗೆ ತನ್ನ ಪ್ರದರ್ಶನದ ಮೇಲೆ ಐವತ್ತು ವರ್ಷದ ಹಕ್ಕಿದೆ, ನಾಟಕ ಬರೆದವರಿಗೆ ಬೇರೆ ಇದೆ. ಕಾಯ್ದಿಡುವುದಕ್ಕೂ ಜನರ ಮುಂದೆ ತೋರಿಸುವುದಕ್ಕೂ ನಡುವೆ ಈ ಗೆರೆಯಿದೆ, ತೋರಿಸುವ ಮುನ್ನ ಕುಟುಂಬದವರ ಒಪ್ಪಿಗೆ ಬರಹದಲ್ಲಿ ಪಡೆಯಬೇಕು. ಕಾಯ್ದೆಯಲ್ಲಿ ಒಂದು ಕೊರತೆಯೂ ಇದೆ. ಲಾಭಕ್ಕಲ್ಲದ ಸಾರ್ವಜನಿಕ ಗ್ರಂಥಾಲಯ ತನ್ನಲ್ಲಿರುವ ಕೃತಿಯನ್ನು ಸಂರಕ್ಷಣೆಗಾಗಿ ಎಲೆಕ್ಟ್ರಾನಿಕ್ ರೂಪದಲ್ಲಿ ಇಡಬಹುದು ಎನ್ನುವ ವಿಧಿ, ಮೂಲ ಪ್ರತಿ ಡಿಜಿಟಲ್ ಅಲ್ಲದ್ದಾಗಿರಬೇಕು ಎನ್ನುತ್ತದೆ. ಮಾಸುತ್ತಿರುವ ಡಿವಿಡಿ ಡಿಜಿಟಲ್ಲೇ ಆದ್ದರಿಂದ ಆ ನೆರಳು ಅದಕ್ಕೆ ನೇರವಾಗಿ ಸಿಗದು. ಇದನ್ನು ತಿದ್ದಬೇಕು ಎಂದೇ ನನ್ನ ಅಭಿಪ್ರಾಯ.

ಇಷ್ಟೆಲ್ಲ ಕಳಕಳಿ ಒಂದು ಡಿಸ್ಕಿಗೆ ಬೇಕೇ ಎನ್ನುವವರು ಎರಡು ಸಂಗತಿ ನೋಡಬೇಕು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ತೆರೆಕಂಡಿತು. ಅದರಲ್ಲಿ ಅಭಿನಯಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ವೃತ್ತಿ ರಂಗಭೂಮಿಯವರು. ಇಂದು ಅದರ ಒಂದು ಪ್ರತಿಯೂ ಉಳಿದಿಲ್ಲ. ಇನ್ನೊಂದು ಕಡೆ, ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದು ಹೋದ ಮೇಲೂ ಡಿವಿಡಿಯಾಗಿ ಮನೆ ಮನೆಗೆ ಬಂತು, ಒಂದೊಂದು ಕಥೆಯನ್ನೂ ಬೇಕೆಂದಾಗ ತೆಗೆದು ನೋಡಬಹುದಾಯಿತು. ಸಾವಿರಾರು ಪ್ರತಿಗಳಿರುವುದಕ್ಕೆ ಅಪಾಯ ಕಡಿಮೆ. ಅಪಾಯವಿರುವುದು ಒಂದೇ ಪ್ರತಿ ಇರುವುದಕ್ಕೆ. ಮಾಸ್ಟರ್ ಹಿರಣ್ಣಯ್ಯನವರ 'ಲಂಚಾವತಾರ' ನೋಡಿದವರಿಗೆ ಗೊತ್ತು, ಆ ದಿನದ ರಾಜಕೀಯಕ್ಕೆ ತಕ್ಕಂತೆ ಮಾತು ಆ ರಾತ್ರಿಯೇ ಹುಟ್ಟುತ್ತಿತ್ತು, ಒಂದು ಪ್ರದರ್ಶನ ಇನ್ನೊಂದರ ಹಾಗಿರಲಿಲ್ಲ. ಕಂಪನಿ ನಾಟಕದ ಹಾಸ್ಯ ಪಾತ್ರಧಾರಿಗಳಿಗೆಲ್ಲ ಸಲ್ಲುವ ಮಾತು ಇದು. ಹಸ್ತಪ್ರತಿಯಲ್ಲಿ ಅದು ಇರುವುದಿಲ್ಲ. 2010ರಲ್ಲಿ ಚಿಂದೋಡಿ ಲೀಲಾ, 2017ರಲ್ಲಿ ಏಣಗಿ ಬಾಳಪ್ಪ, 2019ರಲ್ಲಿ ಹಿರಣ್ಣಯ್ಯ ಹೋದರು. ಅಂಥವರ ಒಂದು ರಾತ್ರಿಯ ಆಟ ಒಂದೇ ಡಿಸ್ಕಿನಲ್ಲಿ ಎಲ್ಲೋ ಉಳಿದಿದ್ದರೆ ಆ ಡಿಸ್ಕೇ ಹಸ್ತಪ್ರತಿ, ಅದೇ ತಾಳೆಗರಿ.

ಹಾಗಾಗಿ ಕೊಂಡಜ್ಜಿಯ ಹೆಸರು ಹೊತ್ತ ಸಂಸ್ಥೆಗೆ ನನ್ನದೊಂದು ಕೇಳಿಕೆ. ಕಲಾವಿದರ ಮನೆಗಳಿಂದ ಡಿಸ್ಕುಗಳನ್ನು ಪಡೆದು, ಐಎಸ್‌ಒ ತೆಗೆದು, ಮೂಲವನ್ನು ಗೌರವದಿಂದ ವಾಪಸು ಕೊಡುವ ಒಂದು ಪುಟ್ಟ ಕೋಣೆ ಅಲ್ಲಿ ಇರಲಿ. ಬೇಕಾದ್ದು ಎರಡು ಮೂರು ಡಿಸ್ಕ್ ಡ್ರೈವು, ಒಂದು ಸಾಧಾರಣ ಕಂಪ್ಯೂಟರು, ತಾಳ್ಮೆಯ ಒಬ್ಬ ಹುಡುಗ ಅಥವಾ ಹುಡುಗಿ. ಒಂದೊಂದು ಐಎಸ್‌ಒಗೂ ಎಸ್‌ಎಚ್‌ಎ-256 ಎಂಬ ಬೆರಳಚ್ಚು ತೆಗೆದು ಪಕ್ಕದಲ್ಲಿ ಬರೆದಿಡಬೇಕು. ಒಳಗೆ ಒಂದೇ ಒಂದು ಬಿಟ್ಟು ಬದಲಾದರೂ ಬೆರಳಚ್ಚು ಪೂರ್ತಿ ಬೇರೆಯಾಗುತ್ತದೆ, ಹಾಗಾಗಿ ವರ್ಷಕ್ಕೊಮ್ಮೆ ತಾಳೆ ನೋಡಿದರೆ ಸಾಕು. ಅದರ ಜೊತೆಗೆ ಒಂದು ಸಾದಾ ಪಠ್ಯ ಕಡತ: ನಾಟಕದ ಹೆಸರು, ಕಂಪನಿ, ಕ್ಯಾಂಪು ಇದ್ದ ಊರು, ತಾರೀಖು, ಚಿತ್ರೀಕರಿಸಿದವರು, ಯಾವ ಪ್ರವೇಶದಲ್ಲಿ ಯಾರು ಯಾವ ಪಾತ್ರ, ಕಾಲಪೆಟ್ಟಿಗೆ ಯಾರದು, ತಬಲಾ ಯಾರದು. ಡಿಸ್ಕಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ 'ನಾಟಕ 2' ಎಂದಷ್ಟೇ ಬರೆದಿರುತ್ತದೆ. ಎರಡನೆಯ ಪ್ರವೇಶದಲ್ಲಿ ದಾಸಿಯ ಪಾತ್ರದಲ್ಲಿ ಹೂವಿನ ತಟ್ಟೆ ಹಿಡಿದು ನಿಂತ ಹೆಣ್ಣುಮಗಳು ಯಾರು ಎಂದು ಹೇಳಬಲ್ಲವರು ಇನ್ನೂ ಕೆಲವರು ದಾವಣಗೆರೆಯಲ್ಲಿ, ಹರಿಹರದಲ್ಲಿ ಇರಬಹುದು. ಬಿಡಿಸಿದ ಆ ಪ್ರವೇಶವನ್ನು ಅವರ ಮುಂದೆ ಹಾಕಿ, ಅವರು ಹೇಳುವ ಹೆಸರನ್ನು ಬರೆದುಕೊಳ್ಳುವ ಕೆಲಸ ಈ ಬೇಸಿಗೆಯಲ್ಲೇ ಶುರುವಾಗಲಿ.